ನೀರಿಗಿಳಿದ ಬಂಡಿ

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಚಿತ್ರವಿದೆ. ವರ್ಷ ಮುಗಿದ ಮೇಲೆ ಎಸೆಯಲು ಮನಸ್ಸಾಗದೆ ಕತ್ತರಿಸಿ, ಗಾಜು ಹಾಕಿಸಿ ತೂಗುಹಾಕಿದ್ದೆ. ಒಂದು ಹೊಳೆ, ದಡದಲ್ಲಿ ಕೆಂಪು ಹೆಂಚಿನ ಮನೆ, ನೀರಿನ ನಡುವೆ ಕುದುರೆ ಬಂಡಿ, ಅದನ್ನೇ ನೋಡುತ್ತಿರುವ ನಾಯಿ, ಆಚೆ ಬಲು ದೂರದವರೆಗೆ ಹುಲ್ಲುಗಾವಲು, ಮೇಲೆ ತುಂಬ ಮೋಡ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821ರಲ್ಲಿ ಬರೆದ ‘ದಿ ಹೇ ವೇನ್’. ಮಧ್ಯಾಹ್ನ ಅಡಿಗೆಮನೆ ಸಾರಿಸಿ ಬಂದು ಅದರೆದುರು ಕೂತರೆ ಮನಸ್ಸು ತಣ್ಣಗಾಗುತ್ತಿತ್ತು.

ಒಮ್ಮೆ ಹಳ್ಳಿಯಿಂದ ಬಂದ ಅತ್ತೆಯವರು ಕನ್ನಡಕ ಏರಿಸಿ ನೋಡಿದರು. “ಬಂಡಿ ಖಾಲಿ ಇದೆ. ಬೇಸಿಗೇಲಿ ಗಾಲಿ ಒಣಗಿ ಹಳಿ ಸಡಿಲ ಆಗಿರುತ್ತೆ, ಅದಕ್ಕೇ ನೀರಿಗಿಳಿಸಿದಾರೆ” ಎಂದರು. ಆಮೇಲೆ, “ಆ ಹೆಂಗಸು ಬಗ್ಗಿಕೊಂಡು ಏನು ಮಾಡ್ತಿದಾಳೆ?”

ಹೆಂಗಸೇ! ಹತ್ತು ವರ್ಷ ನೋಡಿದ ನನಗೆ, ಮನೆಯ ಮಗ್ಗುಲಲ್ಲಿ ನೀರಿನಂಚಿಗೆ ಮಂಡಿಯೂರಿದ ಅವಳು ಕಂಡೇ ಇರಲಿಲ್ಲ.

ನಾಚಿಕೆಯಾಗಿ ಪುಸ್ತಕ ಹುಡುಕಿ ಓದಿದೆ. ಅದು ಸಫೋಕ್ ಸೀಮೆಯ ಫ್ಲ್ಯಾಟ್‌ಫರ್ಡ್, ಹೊಳೆಯ ಹೆಸರು ಸ್ಟೌರ್. ಅಲ್ಲಿನ ಹಿಟ್ಟಿನ ಗಿರಣಿ ಚಿತ್ರಕಾರನ ತಂದೆಯದು. ಮನೆ ವಿಲ್ಲಿ ಲಾಟ್ ಎಂಬ ರೈತನದು. ಆದರೆ ಚಿತ್ರ ಮೂಡಿದ್ದು ಹೊಳೆಯ ದಡದಲ್ಲಲ್ಲ, ಲಂಡನ್ನಿನ ಚಳಿಗಾಲದಲ್ಲಿ! ಬಂಡಿಯ ವಿವರ ಬೇಕಾಗಿ ಊರಿಗೆ ಹೇಳಿಕಳಿಸಿದ್ದ. ಅಲ್ಲಿನ ಹುಡುಗನೊಬ್ಬ ಚಳಿಯಲ್ಲಿ ನಿಂತು ಬರೆದ ನಕ್ಷೆಯನ್ನು ತಮ್ಮ ಏಬ್ರಮ್ ಕಳಿಸಿಕೊಟ್ಟ. ಅದನ್ನು ನೋಡಿ ಬೇಸಿಗೆಯ ನಡುಹಗಲನ್ನು ಬರೆದದ್ದು. ಗಾಲಿಯ ವಿಷಯಕ್ಕೆ ಅಲ್ಲಿನ ಪಂಡಿತರೂ ನಮ್ಮ ಅತ್ತೆಯ ಮಾತನ್ನೇ ಹೇಳುತ್ತಾರೆ. ಲಂಡನ್ನಿನ ಪ್ರದರ್ಶನದಲ್ಲಿ ಅದನ್ನು ಕೊಳ್ಳುವವರು ಸಿಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಬಂತು.

ಓದುತ್ತ ಹೋದಂತೆ ಆ ತಂಪು ಕದಡಿತು. 1815ರಲ್ಲಿ ನೆಪೋಲಿಯನ್ನನೊಡನೆ ಯುದ್ಧ ಮುಗಿದ ಮೇಲೆ ದವಸದ ಬೆಲೆ ಬಿದ್ದು, ಕೂಲಿ ಇಳಿದು, ಕೆಲಸವಿಲ್ಲದ ಕೈಗಳು ಹೆಚ್ಚಿದವು. ಚಳಿಗಾಲಕ್ಕೆ ಅನ್ನ ಕೊಡುತ್ತಿದ್ದ ಕಾಳು ಬಡಿಯುವ ಕೆಲಸವನ್ನೂ ಯಂತ್ರ ಕಿತ್ತುಕೊಂಡಿತು. 1822ರಲ್ಲಿ ಸಫೋಕಿನ ಕೂಲಿಕಾರರು ಆ ಯಂತ್ರಗಳನ್ನು ಒಡೆದರು. ಬೆಂಕಿ ಕಾಣದ ರಾತ್ರಿಯೇ ಇಲ್ಲವೆಂದು ಅಣ್ಣನಿಗೆ ತಿಳಿಸಿದವನೂ ಆ ಏಬ್ರಮ್ಮನೇ.

ಚಿತ್ರದಲ್ಲಿ ಇದರ ಸುಳಿವಿಲ್ಲ. ಹಾಗೆಂದು ಕಾನ್‌ಸ್ಟೇಬಲ್ ಸುಳ್ಳುಗಾರನೆ? ನನಗೆ ಹಾಗೆನ್ನಿಸದು. ಊರು ಬಿಟ್ಟವನ ನೆನಪು ಅದು. ನಾವೂ ತವರಿನ ಬಾವಿಕಟ್ಟೆ ನೆನೆಯುತ್ತೇವೆ, ಅಲ್ಲಿ ನಡೆದ ಜಗಳ ನೆನೆಯುವುದಿಲ್ಲ. ಅಷ್ಟಾಗಿಯೂ ಅವನು ದುಡಿಯುವವರನ್ನು ಬಿಟ್ಟಿಲ್ಲ. ದೂರದ ಗಾವಲಿನಲ್ಲಿ ಹುಲ್ಲು ಕೊಯ್ಯುವವರು ಚುಕ್ಕೆಗಳಂತಾದರೂ ಇದ್ದಾರೆ, ಆ ಹೆಂಗಸೂ ಇದ್ದಾಳೆ. ನೋಡದಿದ್ದವಳು ನಾನು.

ಅವಳು ಬಟ್ಟೆ ಒಗೆಯುತ್ತಿದ್ದಾಳೆಂದು ಕೆಲವರು, ನೀರು ತುಂಬುತ್ತಿದ್ದಾಳೆಂದು ಕೆಲವರು ಬರೆದಿದ್ದಾರೆ. ಅತ್ತೆಯವರಿಗೆ ಹೇಳಿದೆ.

“ಯಾವುದಾದರೇನು,” ಎಂದರು, “ಬಂಡಿಯವರು ನೀರು ಕದಡೋಕೆ ಮುಂಚೆ ಬರಬೇಕಿತ್ತು ಅವಳು. ಮನೇಲಿ ಯಾವ ಕೆಲಸ ಹಿಡ್ಕೊಂಡಿತ್ತೋ ಏನೋ.”