ಕೋಪನ್‌ಹೇಗನ್‌ನ ಬೀದಿ, ನಮ್ಮ ಚರ್ಚ್ ಸ್ಟ್ರೀಟ್

ಮೊದಲೇ ಒಪ್ಕೊಂಡುಬಿಡ್ತೀನಿ. ನಮ್ಮ ಮನೆಯಿಂದ ಮೆಟ್ರೋ ಸ್ಟೇಷನ್‌ಗೆ ಮುಕ್ಕಾಲು ಕಿಲೋಮೀಟರ್. ಆದ್ರೂ ನಾನು ಸ್ಕೂಟರ್ ತೆಗೀತೀನಿ. ಯಾಕಂದ್ರೆ ಫುಟ್‌ಪಾತ್ ಅನ್ನೋದು ಟ್ರಾನ್ಸ್‌ಫಾರ್ಮರ್ ಹತ್ರ ಮುಗಿದುಹೋಗುತ್ತೆ, ಆಮೇಲೆ ಬಸ್ಸಿಗೆ ಮೈ ತಾಗಿಸ್ಕೊಂಡೇ ನಡೀಬೇಕು. ಇಂಥ ಪುಟ್ಟ ಓಡಾಟದಲ್ಲೇ ಕಿಲೋಮೀಟರ್ ಲೆಕ್ಕಕ್ಕೆ ಹೊಗೆ ಜಾಸ್ತಿ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೇ ಕೆಲಸ ಮಾಡೋದು. ಅಷ್ಟರಲ್ಲಿ ನಾನು ಸ್ಟೇಷನ್ ಮುಂದೆ ಗಾಡಿ ಆಫ್ ಮಾಡಿರ್ತೀನಿ.

ಈಗ 1962ಕ್ಕೆ ಹೋಗೋಣ. ಡೆನ್ಮಾರ್ಕ್‌ನ ಕೋಪನ್‌ಹೇಗನ್. ಅಲ್ಲಿನ ಸ್ಟ್ರೋಯೆಟ್ ಅನ್ನೋ ಅಂಗಡಿ ಬೀದಿ, ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಉದ್ದ, ಕಾರುಗಳಿಂದ ತುಂಬಿಹೋಗಿತ್ತು. ಆ ನವೆಂಬರ್‌ನಲ್ಲಿ ನಗರಾಡಳಿತ ಪ್ರಯೋಗ ಅಂತ ಹೇಳಿ ಕಾರುಗಳನ್ನ ನಿಲ್ಲಿಸಿತು. ಅಂಗಡಿಯವರು ಸಿಟ್ಟಾದರು: ಗಿರಾಕಿ ಬರೋದು ಹೇಗೆ, ಈ ಚಳಿ ದೇಶದಲ್ಲಿ ಬೀದೀಲಿ ಅಡ್ಡಾಡೋರು ಯಾರು? ಬಿ.ಕಾಂ. ಓದಿದವಳು ನಾನು, ಅವರ ಭಯ ನನಗೆ ಅರ್ಥ ಆಗುತ್ತೆ. ಆದ್ರೆ ಜನ ಬಂದರು. 1964ರಲ್ಲಿ ವ್ಯವಸ್ಥೆ ಕಾಯಂ ಆಯಿತು.

ಆಗ ಯಾರೂ ಇಂಗಾಲದ ಮಾತಾಡ್ತಿರಲಿಲ್ಲ, ನಡೆಯೋಕೆ ಜಾಗ ಬೇಕಿತ್ತು ಅಷ್ಟೇ. ಯಾನ್ ಗೆಲ್ ಅನ್ನೋ ಯುವ ವಾಸ್ತುಶಿಲ್ಪಿ ಆ ಬೀದೀಲಿ ನಿಂತು ಎಷ್ಟು ಜನ ನಡೀತಾರೆ, ಎಲ್ಲಿ ಕೂರ್ತಾರೆ ಅಂತ ಎಣಿಸೋಕೆ ಶುರು ಮಾಡಿದರು. ಬೇರೆ ನಗರಗಳು ಗಾಡಿ ಎಣಿಸ್ತಿದ್ದ ಕಾಲ ಅದು! ನಗರದ ಮಧ್ಯಭಾಗದಲ್ಲಿ ಪಾರ್ಕಿಂಗ್ ಜಾಗವನ್ನ ವರ್ಷಕ್ಕೆ ಶೇ 2-3ರಷ್ಟು ಸದ್ದಿಲ್ಲದೆ ಕಡಿಮೆ ಮಾಡ್ತಾ ಹೋದರು. 1962ರಲ್ಲಿ ಸುಮಾರು 15,800 ಚದರ ಮೀಟರ್ ಇದ್ದ ಕಾರಿಲ್ಲದ ಜಾಗ 1990ರ ದಶಕದ ಹೊತ್ತಿಗೆ ಆರು ಪಟ್ಟಾಗಿತ್ತು.

ಇದೇ ಥರದ ಪ್ರಯೋಗ ಬೆಂಗಳೂರಲ್ಲೂ ಆಗಿದೆ. ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿ 2018ರಲ್ಲಿ ತೆರೆದರು. 2020ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ ಶನಿವಾರ, ಭಾನುವಾರ ಗಾಡಿಗಳಿಗೆ ಪ್ರವೇಶ ಇರಲಿಲ್ಲ. ಗಾಳಿ ಸುಧಾರಿಸಲಿ ಅನ್ನೋದೇ ಉದ್ದೇಶ. ಅವಧಿ ಮುಗೀತು, ಗಾಡಿಗಳು ವಾಪಸ್ ಬಂದ್ವು. ಅಂಗಡಿಯವರನ್ನ ದೂರೋದು ಸುಲಭ, ಆದ್ರೆ ನನ್ನ ತಕರಾರು ಬೇರೆ. ಒಂದು ಬೀದಿ ಚೆಂದ ಆಯ್ತು, ಅಲ್ಲಿಗೆ ನಡೆದು ಹೋಗೋ ದಾರಿ ಹಾಗೇ ಉಳೀತು.

ಆ ನಾಲ್ಕು ತಿಂಗಳಲ್ಲಿ ಒಂದು ಭಾನುವಾರ ನಾನೂ ಹೋಗಿದ್ದೆ. ಬೀದಿ ಮಧ್ಯದಲ್ಲೇ ನಡೆದೆ, ಫೋಟೋ ತಗೊಂಡೆ. ಸ್ಕೂಟರನ್ನ ಎಂ.ಜಿ. ರೋಡ್ ಹತ್ರ ನಿಲ್ಲಿಸಿದ್ದೆ.