ಹವಾಯಿಯ ‘ಅಲೋಹಾ’ ಇವತ್ತಿಗೂ ನಿಮ್ಮ ಫೋನಿನಲ್ಲಿದೆ

ತೇರಿನ ದಿನ ಫೋನ್ ಹತ್ತುವುದಿಲ್ಲ. ಒಂದು ಫೋಟೊ ಕಳಿಸಲು ನಾವು ಜಾತ್ರೆ ಬಿಟ್ಟು ಊರಾಚೆಯ ದಿಬ್ಬ ಹತ್ತಿದ್ದು ಒಂದೆರಡು ಸಲವಲ್ಲ. ಟವರ್ ಕಣ್ಣೆದುರೇ ಇರುತ್ತದೆ, ಸಿಗ್ನಲ್ ಕಡ್ಡಿಗಳೂ ತುಂಬಿರುತ್ತವೆ. ಇದಕ್ಕೆ ಕಾರಣಗಳು ಹಲವು. ಅದರಲ್ಲೊಂದರ ಬೇರು 50 ವರ್ಷ ಹಿಂದಿನ ಹವಾಯಿ ದ್ವೀಪಗಳಲ್ಲಿದೆ.

ಅಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಇದ್ದದ್ದು ಒವಾಹು ದ್ವೀಪದಲ್ಲಿ. ಅದನ್ನು ಬಳಸಬೇಕಾದವರು ಬೇರೆ ದ್ವೀಪಗಳಲ್ಲೂ ಇದ್ದರು, ನಡುವೆ ಸಮುದ್ರ. ಟೆಲಿಫೋನ್ ಲೈನು ದುಬಾರಿ, ನಂಬಿಕೆಗೂ ಬಾರದು. ಪ್ರೊಫೆಸರ್ ನಾರ್ಮನ್ ಏಬ್ರಾಮ್ಸನ್ (ಅಲೆಗಳ ಮೇಲೆ ಹಲಗೆ ಹಾಕಿ ಜಾರುವ ಹುಚ್ಚಿನ ಮನುಷ್ಯ) ಮತ್ತು ಸಂಗಡಿಗರು 1968ರಲ್ಲಿ ರೇಡಿಯೊ ಮೂಲಕ ಕಂಪ್ಯೂಟರ್ ಮುಟ್ಟುವ ಕೆಲಸಕ್ಕೆ ಕೈಹಾಕಿದರು.

ತೊಡಕು ಇದು: ರೇಡಿಯೊ ದಾರಿ ಒಂದೇ, ಮಾತಾಡುವವರು ಹಲವರು. ಪ್ರತಿಯೊಬ್ಬರಿಗೂ ಪಾಳಿ ಹಚ್ಚಿದರೆ? ಒಬ್ಬ ಒಂದು ಸಾಲು ಟೈಪ್ ಮಾಡಿ ಐದು ನಿಮಿಷ ಯೋಚಿಸುತ್ತ ಕೂರುತ್ತಾನೆ, ಅವನ ಪಾಳಿ ಖಾಲಿ ಹೋಗುತ್ತದೆ. ಏಬ್ರಾಮ್ಸನ್ ಪಾಳಿಯನ್ನೇ ತೆಗೆದುಹಾಕಿದರು. ಹೇಳುವುದಿದ್ದರೆ ಯಾರನ್ನೂ ಕೇಳದೆ ಹೇಳಿಬಿಡು. ‘ತಲುಪಿತು’ ಎಂಬ ಉತ್ತರ ಬಂದರೆ ಸರಿ. ಬರದಿದ್ದರೆ ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದಿದೆ ಎಂದು ತಿಳಿದು, ಸ್ವಲ್ಪ ತಡೆದು ಮತ್ತೆ ಹೇಳು. ಎಷ್ಟು ತಡೆಯಬೇಕು ಎನ್ನುವುದಕ್ಕೆ ಲೆಕ್ಕವಿಲ್ಲ, ಅವರವರಿಗೆ ಬಂದಷ್ಟು. ಕಿರಿದಾದ ಓಣಿಯಲ್ಲಿ ಎದುರಾದ ಇಬ್ಬರು ಒಟ್ಟಿಗೇ ಒಂದೇ ಬದಿಗೆ ಸರಿದರೆ ಏನಾಗುತ್ತದೆ ಎಂದು ನೆನೆಸಿಕೊಳ್ಳಿ. ಇಬ್ಬರೂ ಸಮ ಹೊತ್ತು ಕಾದರೆ ಮತ್ತೆ ಡಿಕ್ಕಿಯೇ.

1971ರ ಜೂನ್‌ನಲ್ಲಿ ಇದು ಕೆಲಸ ಶುರುಮಾಡಿತು. ಹೆಸರು ‘ಅಲೋಹಾ’, ಅಂದರೆ ಹವಾಯಿಯವರ ನಮಸ್ಕಾರ.

ಲೆಕ್ಕ ಹಾಕಿದರೆ ಮಾತ್ರ ಬೇಸರವಾಗುತ್ತದೆ. ಎಲ್ಲ ಚೆನ್ನಾಗಿ ಕೂಡಿಬಂದರೂ ನೂರು ಪಾಲು ಸಮಯದಲ್ಲಿ ಉಪಯೋಗಕ್ಕೆ ಬರುವುದು 18 ಪಾಲು, ಉಳಿದದ್ದು ಡಿಕ್ಕಿ ಅಥವಾ ಮೌನ. ನಮ್ಮ ಕೆಲವು ಗ್ರಾಮಸಭೆಗಳಿಗಿಂತ ವಾಸಿ ಅನ್ನಿ! 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಸಣ್ಣ ತಿದ್ದುಪಡಿ ಹೇಳಿದರು: ಸಮಯವನ್ನು ಸಮನಾಗಿ ತುಂಡುಮಾಡಿ, ತುಂಡಿನ ಆರಂಭದಲ್ಲೇ ಮಾತು ಶುರುವಾಗಲಿ. ಆಗ ಒಬ್ಬರ ಮಾತಿನ ಬಾಲಕ್ಕೆ ಇನ್ನೊಬ್ಬರ ಮಾತಿನ ತಲೆ ಬಡಿಯುವುದು ತಪ್ಪುತ್ತದೆ. 18 ಇದ್ದದ್ದು ಸುಮಾರು 37 ಆಯಿತು. 1973ರಲ್ಲಿ ರಾಬರ್ಟ್ ಮೆಟ್ಕಾಫ್ ಇದೇ ವಿಚಾರದಿಂದ ಈಥರ್ನೆಟ್ ಕಟ್ಟಿದರು. ಮಾತಿಗೆ ಮುಂಚೆ ಕಿವಿಗೊಡು ಎನ್ನುವುದು ಅವರು ಸೇರಿಸಿದ್ದು.

ನೀವು ಕಾಲ್ ಒತ್ತಿದಾಗ ಫೋನು ಟವರಿಗೆ ಕಳಿಸುವ ಮೊದಲ ಪುಟ್ಟ ಕೋರಿಕೆಯೂ ಇದೇ ಜಾತಿಯದು. ಜಾತ್ರೆಯಲ್ಲಿ ಸಾವಿರಾರು ಫೋನು ಒಟ್ಟಿಗೆ ಕೋರಿದರೆ ಡಿಕ್ಕಿ, ಮತ್ತೆ ಯತ್ನ, ಮತ್ತೆ ಡಿಕ್ಕಿ.

ನಮ್ಮ ಫೋಟೊ ಅರ್ಧ ಗಂಟೆ ತಡವಾದರೆ ಯಾರೂ ಸಾಯುವುದಿಲ್ಲ. ಕಾರ್ಖಾನೆಯಲ್ಲಿ ಹಾಗಲ್ಲ. ಬಾಯ್ಲರ್ ಒತ್ತಡ ಏರಿದಾಗ, ಅನಿಲ ಸೋರಿದಾಗ ಒಂದಲ್ಲ, ಹತ್ತಾರು ಸೆನ್ಸರ್‌ಗಳು ಒಂದೇ ಕ್ಷಣಕ್ಕೆ ಕೂಗುತ್ತವೆ. ಸುದ್ದಿ ತೀರಾ ಬೇಕಾದ ಹೊತ್ತಲ್ಲೇ ಡಿಕ್ಕಿಯೂ ಹೆಚ್ಚು. ಪಕ್ಕದಲ್ಲಿ ಕೆಲಸಗಾರರು ನಿಂತಿರುತ್ತಾರೆ ಎನ್ನುವುದು ನೆನಪಿರಲಿ.

ಅದಕ್ಕೇ 2007ರಲ್ಲಿ ಬಂದ ‘ವೈರ್‌ಲೆಸ್ ಹಾರ್ಟ್’ ಎಂಬ ಕಾರ್ಖಾನೆ ಪದ್ಧತಿ ಪಾಳಿಗೇ ಮರಳಿತು. ಸೆಕೆಂಡಿಗೆ ನೂರು ತುಂಡು, ಯಾವುದರಲ್ಲಿ ಯಾರ ಮಾತು ಎಂಬುದು ಮೊದಲೇ ನಿಗದಿ. ಏಬ್ರಾಮ್ಸನ್ ಸೋತರು ಎನ್ನೋಣವೇ? ಅದೇ ವರ್ಷ ಉಪಗ್ರಹ ಸಂಪರ್ಕಕ್ಕಾಗಿ ಯುರೋಪಿನ ಎಂಜಿನಿಯರುಗಳು ಇನ್ನೊಂದು ಜಾಣತನ ತೋರಿಸಿದರು: ಒಂದೇ ಸುದ್ದಿಯನ್ನು ಎರಡು ತುಂಡುಗಳಲ್ಲಿ ಕಳಿಸು, ಒಂದು ಪ್ರತಿ ಸರಿಯಾಗಿ ಸಿಕ್ಕರೆ, ಡಿಕ್ಕಿಯಾದ ಕಡೆಯಿಂದ ಅದರ ಜೋಡಿಯನ್ನು ಕಳೆ, ಅಡಿಯಲ್ಲಿ ಸಿಕ್ಕಿಕೊಂಡವನ ಮಾತೂ ಓದಲು ಸಿಗುತ್ತದೆ. ಯಂತ್ರಗಳ ಸಂಖ್ಯೆ ಏರಿದ ಹಾಗೆ ಈ ದಾರಿಯಲ್ಲಿ ಸಂಶೋಧನೆ ನಡೆದೇ ಇದೆ.

ಪಾಳಿ ಪದ್ಧತಿಯೊಳಗೂ ಒಂದು ಕಿಂಡಿ ಉಳಿದಿದೆ. ಇವತ್ತು ತಾನೇ ಹಚ್ಚಿದ ಹೊಸ ಸೆನ್ಸರಿಗೆ ಇನ್ನೂ ಪಾಳಿಯೇ ಇರುವುದಿಲ್ಲ. ‘ನಾನೂ ಬಂದಿದ್ದೇನೆ’ ಎಂದು ಅದು ಎಲ್ಲರಿಗೂ ಬಿಟ್ಟ ತುಂಡಿನಲ್ಲಿ ಕೂಗುತ್ತದೆ. ಉತ್ತರ ಬರದಿದ್ದರೆ ಸ್ವಲ್ಪ ತಡೆದು ಮತ್ತೆ ಕೂಗುತ್ತದೆ.