ಕಲ್ಲು, ಪ್ರತಿ ಮತ್ತು ಓದು: ಬೆಂಗಳೂರಿನ ಶಾಸನಗಳ ಮರುಶೋಧ

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವು 1905ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಪ್ರತಿಯೊಂದು ಶಾಸನದ ತಲೆಬರಹದಲ್ಲಿಯೂ ಕಲ್ಲು ಇರುವ ಜಾಗದ ಸೂಚನೆಯುಂಟು: ಇಂಥ ಊರಿನ ದೇವಾಲಯದ ಮುಂದೆ, ಇಂಥ ಕೆರೆಯ ತೂಬಿನ ಬಳಿ, ಇಂಥ ಗ್ರಾಮದ ಪೂರ್ವದ ಹೊಲದಲ್ಲಿ. ಈ ಸೂಚನೆಗಳನ್ನು ಬರೆದಾಗ ಹೊಲ ಹೊಲವಾಗಿತ್ತು, ಕೆರೆ ಕೆರೆಯಾಗಿತ್ತು. ಶತಮಾನ ಕಳೆದ ಮೇಲೆ ಅವೇ ಊರುಗಳು ಮಹಾನಗರದ ಬಡಾವಣೆಗಳಾಗಿವೆ. ಹೊಲದ ಮೇಲೆ ಮನೆಗಳೆದ್ದಿವೆ, ತೂಬು ರಸ್ತೆಯಡಿ ಸೇರಿದೆ. ಸಂಪುಟದಲ್ಲಿ ಪಾಠ ಉಳಿದಿದ್ದರೂ ಕಲ್ಲು ಕಾಣೆಯಾಗಿರುವ ಉದಾಹರಣೆಗಳು ಕಡಿಮೆಯಲ್ಲ. ಆದ್ದರಿಂದ ಶಾಸನಾಧ್ಯಯನದ ಮೂಲಕ್ಕೇ ಸಂಬಂಧಿಸಿದ ಪ್ರಶ್ನೆಯೊಂದು ಏಳುತ್ತದೆ. ಪಾಠ ಉಳಿದರೆ ಶಾಸನ ಉಳಿದಂತೆಯೇ?

ರೈಸ್ ಅವರ ಸಾಧನೆಯನ್ನು ಕಿರಿದುಗೊಳಿಸುವಂತಿಲ್ಲ. ಮೈಸೂರು ಸೀಮೆಯ ಹಳ್ಳಿಹಳ್ಳಿಗಳಿಂದ ಸಂಗ್ರಹಿಸಿದ ಸಾವಿರಾರು ಶಾಸನಗಳನ್ನು ಕನ್ನಡ ಲಿಪಿಯಲ್ಲಿ ಮತ್ತು ರೋಮನ್ ಲಿಪ್ಯಂತರದಲ್ಲಿ, ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿದ ಆ ಸಂಪುಟಗಳಿಲ್ಲದೆ ಕರ್ನಾಟಕದ ಚರಿತ್ರೆಯನ್ನಾಗಲಿ ಕನ್ನಡ ಭಾಷೆಯ ಚರಿತ್ರೆಯನ್ನಾಗಲಿ ಬರೆಯುವುದು ಸಾಧ್ಯವಿರಲಿಲ್ಲ. ಆದರೆ ಅಚ್ಚಿನ ವಿಧಾನಕ್ಕೆ ಅದರದೇ ಮಿತಿಯಿತ್ತು. ಬಹುಪಾಲು ಶಾಸನಗಳಿಗೆ ಛಾಯಾಪಟವಿಲ್ಲ. ಎಂಟನೆಯ ಶತಮಾನದ ಲಿಪಿಯೂ ಹದಿನಾರನೆಯ ಶತಮಾನದ ಲಿಪಿಯೂ ಒಂದೇ ಅಚ್ಚುಮೊಳೆಯ ಅಕ್ಷರಗಳಲ್ಲಿ ಕಾಣಿಸಿಕೊಂಡವು. ಹೀಗಾಗಿ ಓದುಗನಿಗೆ ದೊರೆತದ್ದು ಶಾಸನವಲ್ಲ, ಶಾಸನದ ಒಂದು ಓದು. ಆ ಓದಿನಲ್ಲಿ ಸಂಶಯ ಬಂದರೆ ಮತ್ತೆ ಕಲ್ಲಿನ ಬಳಿಗೇ ಹೋಗಬೇಕು. ಕಲ್ಲೇ ಇಲ್ಲವಾದರೆ ಸಂಶಯವು ಸಂಶಯವಾಗಿಯೇ ಉಳಿಯುತ್ತದೆ.

ಈ ಹಿನ್ನೆಲೆಯಲ್ಲಿ ಕಳೆದ ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಕಾರ್ಯವು ಗಮನಾರ್ಹವಾದುದು. ವೃತ್ತಿಯಿಂದ ಎಂಜಿನಿಯರ್ ಆದ ಪಿ. ಎಲ್. ಉದಯಕುಮಾರ್ ಮತ್ತು ಅವರ ಸಂಗಡಿಗರು ರೈಸ್ ಅವರ ಸಂಪುಟವನ್ನೇ ದಾರಿತೋರುವ ನಕ್ಷೆಯಾಗಿ ಹಿಡಿದು, ಅಲ್ಲಿ ನಮೂದಾದ ಕಲ್ಲುಗಳು ಈಗ ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಹುಡುಕತೊಡಗಿದರು. ಇವರು ಶಾಸನತಜ್ಞರೆಂದು ಹೊರಟವರಲ್ಲ, ತಾವು ಬಾಳುತ್ತಿರುವ ಊರಿನ ಪೂರ್ವವನ್ನು ತಿಳಿಯಲು ಹೊರಟ ನಾಗರಿಕರು. ಮುಂದೆ, 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆ ರೂಪುಗೊಂಡಿತು. ಹಳೆಯ ವಿದ್ವತ್ ಸಂಸ್ಥೆಯೂ ಹವ್ಯಾಸಿಗಳ ಉತ್ಸಾಹವೂ ಹೊಸ ಉಪಕರಣವೂ ಇಲ್ಲಿ ಒಂದೆಡೆ ಕೂಡಿದವು.

ಶಾಸನದ ಪ್ರತಿಮಾಡುವ ಸಾಂಪ್ರದಾಯಿಕ ವಿಧಾನ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಅಕ್ಷರದ ಕೊರೆತದೊಳಕ್ಕೆ ಕಾಗದವಿಳಿಯುವಂತೆ ಮಾಡಿ, ಮೇಲೆ ಮಸಿ ಹಚ್ಚುತ್ತಾರೆ. ಮಸಿ ತಗುಲಿದ ಮೇಲ್ಮೈ ಕಪ್ಪಾಗಿ, ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಪಳಗಿದ ಕೈಯಲ್ಲಿ ಇದು ಇಂದಿಗೂ ಶ್ರೇಷ್ಠ ವಿಧಾನವೇ. ಆದರೆ ಸವೆದ ಕಲ್ಲಿನಲ್ಲಿ ಕೊರೆತದ ಆಳ ಕಾಗದಕ್ಕೆ ನಿಲುಕದಷ್ಟು ಕಡಿಮೆಯಿರುತ್ತದೆ. ಬಿರುಕೂ ಅಕ್ಷರದ ಗೆರೆಯೂ ಒಂದೇ ಬಿಳಿಯಾಗಿ ತೋರುತ್ತವೆ.

ಮೂರು ಆಯಾಮದ ಸ್ಕ್ಯಾನಿಂಗ್ ಮಾಡುವುದು ಬೇರೆಯ ಕೆಲಸ. ಉಪಕರಣವು ಕಲ್ಲಿನ ಮೇಲೆ ಬೆಳಕನ್ನು ಬೀರಿ, ಮೇಲ್ಮೈಯ ಏರುತಗ್ಗುಗಳನ್ನು ಮಿಲಿಮೀಟರಿಗಿಂತ ಸೂಕ್ಷ್ಮವಾದ ಅಳತೆಯಲ್ಲಿ ದಾಖಲಿಸುತ್ತದೆ. ಹೀಗೆ ದೊರೆತ ಮಾದರಿಯನ್ನು ಗಣಕದ ಪರದೆಯ ಮೇಲೆ ಬೇಕಾದತ್ತ ತಿರುಗಿಸಬಹುದು. ಬಣ್ಣ, ಪಾಚಿ, ಕಲೆಗಳನ್ನು ಕಳೆದು ಬರಿಯ ಆಕಾರವನ್ನೇ ನೋಡಬಹುದು. ಕೃತಕ ಬೆಳಕನ್ನು ಎಡದಿಂದಲೋ ಬಲದಿಂದಲೋ ಓರೆಯಾಗಿ ಹಾಯಿಸಬಹುದು. ಓರೆ ಬೆಳಕಿನ ತತ್ತ್ವ ಹೊಸದೇನಲ್ಲ. ಮುಂಜಾನೆಯ ಎಳೆಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಮೂಡುತ್ತವೆಂಬುದು ಕ್ಷೇತ್ರಕಾರ್ಯ ಮಾಡಿದವರೆಲ್ಲರೂ ಬಲ್ಲ ಸಂಗತಿ. ಹೊಸದಾದುದೆಂದರೆ, ಆ ಎಳೆಬಿಸಿಲು ಈಗ ಎಲ್ಲ ಹೊತ್ತಿನಲ್ಲೂ ಎಲ್ಲ ದಿಕ್ಕಿನಿಂದಲೂ, ಕಲ್ಲಿನಿಂದ ನೂರಾರು ಮೈಲಿ ದೂರದಲ್ಲಿರುವ ವಿದ್ಯಾರ್ಥಿಗೂ ದೊರೆಯುತ್ತದೆ ಎಂಬುದು.

ಇದರ ಶಾಸ್ತ್ರೀಯ ಮಹತ್ವವಿರುವುದು ಇಲ್ಲಿಯೇ. ದಾಖಲೆಯನ್ನೂ ಓದನ್ನೂ ಇದು ಬೇರ್ಪಡಿಸುತ್ತದೆ. ಅಚ್ಚಿನ ಪಾಠದಲ್ಲಿ ಇವೆರಡೂ ಬೆಸೆದುಕೊಂಡಿದ್ದವು. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ಭೇದ ಪರಿಚಿತವೇ ಆಗಿದೆ. ಪ್ರತಿಕಾರನ ಕೈ ತಗುಲಿದ ಪ್ರತಿಯೊಂದು ಓಲೆಯಲ್ಲಿಯೂ ಅವನ ತಿಳಿವಳಿಕೆ ಹಾಗೂ ತಪ್ಪು ಎರಡೂ ಸೇರಿರುತ್ತವೆ. ಓದದೆಯೇ ಮಾಡಿದ ಪ್ರತಿಯಲ್ಲಿ ಊಹೆಗೆ ಎಡೆ ಕಡಿಮೆ. ಅದನ್ನು ಮುಂದಿಟ್ಟುಕೊಂಡು ಹಿಂದಿನವರ ಪಾಠವನ್ನು ಒಪ್ಪಲೂಬಹುದು, ತಿದ್ದಲೂಬಹುದು.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ಈ ದೃಷ್ಟಿಯಿಂದ ನೋಡಬೇಕು. ರೈಸ್ ಅವರ ಸಂಪುಟದಲ್ಲಿ ಇಲ್ಲದ ಈ ಕಲ್ಲು ಬೆಳಕಿಗೆ ಬಂದುದು 2018ರಲ್ಲಿ. ಗಂಗರ ಶ್ರೀಪುರುಷನ ಆಳ್ವಿಕೆಯ ಈ ಶಾಸನವನ್ನು ವಿದ್ವಾಂಸರು ಸುಮಾರು ಕ್ರಿ.ಶ. 750ಕ್ಕೆ ಸೇರಿದುದೆಂದು ಗುರುತಿಸಿದ್ದಾರೆ. ರಟ್ಟವಾಡಿಯ ದಾಳಿಯನ್ನೆದುರಿಸಿ ಮಡಿದ ಕಿತ್ತಯ್ಯನ ಸ್ಮರಣೆಗಾಗಿ ನಿಲ್ಲಿಸಿದ ಕಲ್ಲು ಇದು. ಇದರಲ್ಲಿ ‘ಪೆರ್ಬೊೞಲ್ ನಾಡು ಮೂವತ್ತ’ರ ಉಲ್ಲೇಖವಿದೆ. ಪಿರಿದಾದ ಪೊೞಲ್, ಎಂದರೆ ದೊಡ್ಡ ಪಟ್ಟಣ. ಪಕಾರವು ಹಕಾರವಾಗಿ, ೞಕಾರವು ಳಕಾರದಲ್ಲಿ ಕರಗಿ, ಪೆರ್ಬೊೞಲು ಹೆಬ್ಬಾಳವಾಗಿದೆ. ಕನ್ನಡ ಧ್ವನಿವ್ಯತ್ಯಾಸದ ಒಂದು ಪಾಠವೇ ಆ ಊರ ಹೆಸರಿನಲ್ಲಿ ಅಡಗಿದೆ.

ಇಲ್ಲಿ ಒಂದೇ ಒಂದು ಅಕ್ಷರದ ಬೆಲೆ ಎಷ್ಟೆಂಬುದನ್ನು ಗಮನಿಸಬೇಕು. ಬಳಕೆಯಿಂದ ಜಾರಿಹೋಗಿದ್ದ ೞಕಾರವುಳ್ಳ ಪದಗಳು ಯಾವುವೆಂಬುದನ್ನು ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿಮಾಡಿ ತಿಳಿಸಬೇಕಾಯಿತು. ಇಂದು ಶಾಸನಾಕ್ಷರಗಳನ್ನು ಗಣಕಕ್ಕೆ ಕಲಿಸುವ ಯತ್ನಗಳು ನಡೆದಿವೆ. ಮಿಥಿಕ್ ಸೊಸೈಟಿಯ ‘ಅಕ್ಷರ ಭಂಡಾರ’ವು ಶಾಸನಗಳಿಂದಲೇ ಆಯ್ದ ಅಕ್ಷರರೂಪಗಳನ್ನು ಒಂದೆಡೆ ತಂದಿರುವ ಅಂಥ ಸಾಧನ. ಆದರೆ ಗಣಕವು ಕಲಿಯುವುದು ಮನುಷ್ಯರು ಓದಿಟ್ಟ ಮಾದರಿಗಳಿಂದ. ಮಾದರಿಯಲ್ಲಿ ೞಕಾರವನ್ನು ಳಕಾರವೆಂದು ಗುರುತಿಸಿದ್ದರೆ ಗಣಕವೂ ಹಾಗೆಯೇ ಓದುತ್ತದೆ. ಒಬ್ಬನ ತಪ್ಪು ಒಂದು ಪಾಠದಲ್ಲಿ ನಿಲ್ಲದೆ ಸಾವಿರ ಪಾಠಗಳಿಗೆ ಹರಡುತ್ತದೆ. ಬೆಂಗಳೂರು ಪ್ರದೇಶದಲ್ಲಂತೂ ಕನ್ನಡದ ಜೊತೆಗೆ ತಮಿಳು ಶಾಸನಗಳೂ, ಅವುಗಳ ಸಂಸ್ಕೃತ ಭಾಗಗಳಲ್ಲಿ ಗ್ರಂಥಾಕ್ಷರಗಳೂ ಇವೆ. ಹಳಗನ್ನಡವನ್ನೂ ಲಿಪಿವಿಕಾಸವನ್ನೂ ಬಲ್ಲವರ ಅಗತ್ಯ ಯಂತ್ರ ಬಂದ ಮೇಲೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಒಂದು ಕಲ್ಲಿನ ಪಾಠ ಎಷ್ಟನ್ನು ಅಲುಗಿಸಬಲ್ಲದೆಂಬುದಕ್ಕೆ ಬೇಗೂರು ಹಳೆಯ ನಿದರ್ಶನ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತಳೆಂಬ ಕಥೆಯಿಂದ ‘ಬೆಂಗಳೂರು’ ಎಂಬ ಹೆಸರನ್ನು ಸಾಧಿಸುವುದು ರೂಢಿಯಲ್ಲಿದೆ. ಆದರೆ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಅದರ ಕಾಲ ಸುಮಾರು ಒಂಬತ್ತನೆಯ ಶತಮಾನದ ಕೊನೆ. ಬಲ್ಲಾಳನಿಗಿಂತ ಹೆಚ್ಚುಕಡಿಮೆ ಮುನ್ನೂರು ವರ್ಷ, ಕೆಂಪೇಗೌಡರು ಕೋಟೆ ಕಟ್ಟಿದ 1537ಕ್ಕಿಂತ ಆರುನೂರಕ್ಕೂ ಹೆಚ್ಚು ವರ್ಷ ಹಿಂದೆಯೇ ಆ ಹೆಸರು ಇತ್ತು. ಈ ಕಲ್ಲು ಯಾವುದೋ ಮನೆಯ ಅಡಿಪಾಯಕ್ಕೆ ಸೇರಿಹೋಗಿದ್ದರೆ ಕಥೆಯೇ ಚರಿತ್ರೆಯಾಗಿ ಉಳಿಯುತ್ತಿತ್ತು.

ಮೊದಲಿನ ಪ್ರಶ್ನೆಗೆ ಮರಳಬಹುದು. ನಿಖರವಾದ ಪ್ರತಿ ದೊರೆತ ಮೇಲೆ ಕಲ್ಲಿನ ಅಗತ್ಯವೇನು? ಈ ವಾದ ಅಪಾಯಕಾರಿಯಾದುದು. ವೀರಗಲ್ಲು ಬರಿಯ ಪಾಠವಲ್ಲ. ಅದು ನಿಂತ ನೆಲ, ಅದರ ಮೇಲಿನ ಶಿಲ್ಪ, ಅದಕ್ಕೆ ಎಣ್ಣೆ ಹಚ್ಚಿ ಪೂಜಿಸುವ ಊರವರ ನಂಬಿಕೆ ಇವೆಲ್ಲವೂ ಸೇರಿ ಅದು ದಾಖಲೆಯಾಗುತ್ತದೆ. ಹೊಸ ತಂತ್ರಜ್ಞಾನದ ನಿಜವಾದ ಉಪಕಾರವೆಂದರೆ ಕಲ್ಲಿನ ಓದನ್ನು ಕಲ್ಲಿನ ನೆರೆಯವರಿಗೆ ಮರಳಿಸಿದ್ದು. ತಮ್ಮ ಬೀದಿಯ ಚಪ್ಪಡಿಯಲ್ಲಿ ತಮ್ಮ ಊರಿನದೇ ಹೆಸರು ಹನ್ನೆರಡು ಶತಮಾನಗಳ ಹಿಂದಿನ ಅಕ್ಷರದಲ್ಲಿದೆ ಎಂದು ಕಂಡವರು ಅದನ್ನು ಸುಲಭವಾಗಿ ಒಡೆಯಲು ಬಿಡುವುದಿಲ್ಲ. ಹೆಬ್ಬಾಳದಲ್ಲಿ ಕಿತ್ತಯ್ಯನ ಕಲ್ಲಿಗೆ ಮಂಟಪವೊಂದು ನಿರ್ಮಾಣವಾದುದು ಇದಕ್ಕೆ ಸಾಕ್ಷಿ.

ಪ್ರತಿಮಾಡಿ ಹಂಚುವುದನ್ನು ಪುಣ್ಯಕಾರ್ಯವೆಂದು ಬಗೆದ ಪರಂಪರೆ ಈ ನಾಡಿನದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಅತ್ತಿಮಬ್ಬೆಯ ಹೆಸರು ಸಾಹಿತ್ಯಚರಿತ್ರೆಯಲ್ಲಿ ಸ್ಥಿರವಾಗಿದೆ. ಮೂಡುಬಿದಿರೆಯಲ್ಲಿ ದರ್ಶನಕ್ಕೆ ಮಾತ್ರ ಒದಗುತ್ತಿದ್ದ, ಹಳೆಯ ಕನ್ನಡ ಲಿಪಿಯ ಧವಲಾ ತಾಡವಾಲೆಗಳ ಪ್ರತಿಗಳು ಹೊರಬಂದು, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ ಮೇಲೆಯೇ ಷಟ್ಖಂಡಾಗಮದ ಅಧ್ಯಯನ ವಿಸ್ತಾರವಾಗಿ ಬೆಳೆಯಿತು. ಅಲ್ಲಿ ಪ್ರತಿಗಳು ಹೊರಬಂದುದರಿಂದ ಮೂಲ ಓಲೆಗಳ ಗೌರವ ಕುಂದಲಿಲ್ಲ, ಹೆಚ್ಚಿತು. ಬೆಂಗಳೂರಿನ ಶಾಸನಗಳ ಡಿಜಿಟಲ್ ಪ್ರತಿಗಳೂ ಇದೇ ಸಾಲಿಗೆ ಸೇರತಕ್ಕವು.

ಆದರೆ ದಾನವು ಸಾರ್ಥಕವಾಗುವುದು ಸ್ವೀಕರಿಸಿ ಓದುವವರಿದ್ದಾಗ. ನಾಗರಿಕರು ಕಲ್ಲುಗಳನ್ನು ಹುಡುಕಿದ್ದಾರೆ, ಎಂಜಿನಿಯರುಗಳು ಅವುಗಳ ಆಕಾರವನ್ನು ಸೆರೆಹಿಡಿದಿದ್ದಾರೆ. ಇನ್ನು ಓದಬೇಕಾದವರು ಕನ್ನಡ ಮತ್ತು ಇತಿಹಾಸ ವಿಭಾಗಗಳಲ್ಲಿರುವವರು. ಪಠ್ಯಕ್ರಮದಲ್ಲಿ ಹಳಗನ್ನಡಕ್ಕೂ ಶಾಸನಲಿಪಿಗೂ ಇರುವ ಎಡೆ ಕುಗ್ಗುತ್ತ ಹೋದರೆ, ಕಲ್ಲೂ ಇದ್ದು, ಪ್ರತಿಯೂ ಇದ್ದು, ಪೊೞಲ್ ಎಂಬ ಪದದ ಮುಂದೆ ತಡೆದು ನಿಲ್ಲಬಲ್ಲ ಓದುಗನೊಬ್ಬನೇ ಇಲ್ಲವಾಗುವನು.